ಬೊಜ್ಜಿನ ಶಸ್ತ್ರಚಿಕಿತ್ಸೆಯೂ ಸಿಹಿಯ ಹಂಬಲವೂ

ನಾನು ವೈದ್ಯನಲ್ಲ, ಕೇವಲ ಒಬ್ಬ ವಾಣಿಜ್ಯ ಪದವೀಧರ. ಮುಂಬಯಿಯ ಬ್ಯಾಂಕ್ ಶಾಖೆಗಳಲ್ಲಿ ಪರರ ಜಮಾ-ಖರ್ಚುಗಳನ್ನು ನೋಡುತ್ತ ಇಪ್ಪತ್ತು ವರ್ಷ ಕಳೆದವನು. ಆದರೂ ಆರೋಗ್ಯ ವಿಷಯವಾಗಿ ಲೇಖನಿ ಹಿಡಿಯುವ ಸಾಹಸಕ್ಕೆ ಕಾರಣವಿದೆ. 2019ರ ಫೆಬ್ರವರಿಯಲ್ಲಿ ನಾನು ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಒಳಗಾದೆನು. ಆಗ ನನ್ನ ತೂಕ 124 ಕಿಲೋ. ಜೊತೆಗೆ ಆರು ವರ್ಷಗಳ ಮಧುಮೇಹ. ಹದಿನಾರು ತಿಂಗಳಲ್ಲಿ ತೂಕ 84 ಕಿಲೋಗೆ ಇಳಿಯಿತು, ಮಧುಮೇಹದ ಗುಳಿಗೆಗಳನ್ನು ವೈದ್ಯರು ಒಂದೊಂದಾಗಿ ನಿಲ್ಲಿಸಿದರು. ಆದರೆ 2022ರ ಮಾರ್ಚ್ ವೇಳೆಗೆ ತಕ್ಕಡಿಯ ಮುಳ್ಳು ಮತ್ತೆ 91ರ ಮೇಲೆ ನಿಂತಿತ್ತು. ಆ ಏಳು ಕಿಲೋಗಳು ಯಾವ ದಾರಿಯಿಂದ ಹಿಂದಿರುಗಿದವು ಎಂಬುದೇ ಈ ಲೇಖನದ ವಿಷಯ.

ಈ ಶಸ್ತ್ರಚಿಕಿತ್ಸೆಯಲ್ಲಿ ಎರಡು ವಿಧಾನಗಳು ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದು ಸ್ಲೀವ್. ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆದು, ಬಾಳೆಹಣ್ಣಿನಾಕಾರದ ಒಂದು ನಳಿಕೆಯನ್ನು ಮಾತ್ರ ಉಳಿಸುತ್ತಾರೆ. ಎರಡನೆಯದು ಬೈಪಾಸ್. 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್ ಆರಂಭಿಸಿದ ಈ ವಿಧಾನವು ಮುಂದೆ ಬಹಳ ಸುಧಾರಣೆ ಹೊಂದಿತು. ಇದರಲ್ಲಿ ಸುಮಾರು 30 ಮಿಲಿಲೀಟರು ಹಿಡಿಯುವ ಪುಟ್ಟ ಚೀಲವೊಂದನ್ನು ಜಠರದ ಮೇಲ್ತುದಿಯಲ್ಲಿ ರಚಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ನನಗೆ ಮಾಡಿದ್ದು ಇದು. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ರಸದೂತವು ಬಹುಪಾಲು ಜಠರದಲ್ಲಿಯೇ ಹುಟ್ಟುವುದರಿಂದ, ವಿಶೇಷವಾಗಿ ಸ್ಲೀವ್ ಆದವರಿಗೆ ಆರಂಭದಲ್ಲಿ ಹಸಿವೆಯೇ ತಗ್ಗುತ್ತದೆ. ಅನೇಕರಿಗೆ ಮೊದಲ ತಿಂಗಳುಗಳಲ್ಲಿ ಸಿಹಿಯ ರುಚಿಯೇ ಸೇರುವುದಿಲ್ಲ. ಆ ಕಾಲದಲ್ಲಿ ನಾನೂ ಸಿಹಿಯನ್ನು ಗೆದ್ದೆನೆಂದು ಬೀಗಿದ್ದೆ.

ಮೂರನೆಯ ತಿಂಗಳಲ್ಲಿ ನನ್ನ ಗರ್ವಭಂಗವಾಯಿತು. ಮನೆ ಸಾಲ ಮಂಜೂರಾದ ಗಿರಾಕಿಯೊಬ್ಬರು ಪೇಢೆಯ ಡಬ್ಬಿಯೊಡನೆ ಶಾಖೆಗೆ ಬಂದರು. ಮುಂಬಯಿಯಲ್ಲಿ ಸಂತೋಷವೆಂದರೆ ಪೇಢೆ. ಬೇಡವೆಂದರೆ ಅವರ ಮನೆಗೇ ಅಪಶಕುನ ನುಡಿದಂತೆ. ಖಾಲಿ ಹೊಟ್ಟೆಯಲ್ಲಿ ಎರಡು ತಿಂದೆ. ಕಾಲು ಗಂಟೆಯೊಳಗೆ ಎದೆ ಬಡಿದುಕೊಳ್ಳತೊಡಗಿತು, ಮೈಯೆಲ್ಲ ಬೆವರಿತು, ಹೊಟ್ಟೆ ನುಲಿಯಿತು. ಸಹೋದ್ಯೋಗಿಗಳು ಹೃದಯಾಘಾತವೆಂದೇ ಭಾವಿಸಿ ಟ್ಯಾಕ್ಸಿ ಕರೆಸಿದರು. ವೈದ್ಯರು ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಸಕ್ಕರೆಯು ಜಠರದಲ್ಲಿ ನಿಲ್ಲದೆ ಒಮ್ಮೆಗೇ ಕರುಳಿಗೆ ಸುರಿದಾಗ, ರಕ್ತದಲ್ಲಿಯ ನೀರಿನಂಶವು ಕರುಳಿನತ್ತ ಸೆಳೆಯಲ್ಪಟ್ಟು ಈ ಅವಾಂತರವಾಗುತ್ತದೆ. ಬೈಪಾಸ್ ಆದವರಿಗೆ ಇದು ಹೆಚ್ಚು. ಸ್ಲೀವ್ ಆದವರಿಗೂ ಆಗದೆ ಇರುವುದಿಲ್ಲ.

ಅಂದಿನಿಂದ ಪೇಢೆ ಮುಟ್ಟಲಿಲ್ಲ. ತೂಕ ಬಂದದ್ದು ಪೇಢೆಯಿಂದಲ್ಲ, ಚಹದಿಂದ! ಗುಟುಕುಗುಟುಕಾಗಿ ಹೀರುವ ಚಹದ ಸಕ್ಕರೆಗೆ ಶರೀರವು ತಕ್ಷಣ ಮುನಿಯಲಿಲ್ಲ. ದ್ರವಪದಾರ್ಥವು ಪುಟ್ಟ ಚೀಲದಲ್ಲಿ ನಿಲ್ಲದೆ ಜಾರಿಹೋಗುವುದರಿಂದ ಹೊಟ್ಟೆ ತುಂಬಿತೆಂಬ ಅರಿವೂ ಆಗಲಿಲ್ಲ. ಐಸ್‌ಕ್ರೀಮು, ಬಾಯಲ್ಲಿ ಕರಗುವ ಬಿಸ್ಕತ್ತು ಇವುಗಳ ಸ್ವಭಾವವೂ ಇದೇ. ನನ್ನ ವೃತ್ತಿಗೆ ತಕ್ಕಂತೆ ಲೆಕ್ಕ ಹಾಕಿದೆ. ಶಾಖೆಯಲ್ಲಿ ದಿನಕ್ಕೆ ಐದು ‘ಕಟಿಂಗ್’ ಚಹ, ಒಂದೊಂದಕ್ಕೆ ಎರಡು ಚಮಚೆ, ಚಮಚೆಗೆ ಸುಮಾರು 5 ಗ್ರಾಮಿನಂತೆ 50 ಗ್ರಾಂ ಸಕ್ಕರೆ. ವರ್ಷಕ್ಕೆ 18 ಕಿಲೋ 250 ಗ್ರಾಂ! ದಿನದ ಆಹಾರಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ನೂರಕ್ಕೆ ಹತ್ತನ್ನು ಮೀರಬಾರದು, ಐದಕ್ಕಿಂತ ಕಡಿಮೆಯಾದರೆ ಇನ್ನೂ ಲೇಸು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿದೆ. ನನ್ನಂತೆ ದಿನಕ್ಕೆ 1,200 ಕ್ಯಾಲೊರಿ ಉಣ್ಣುವವನಿಗೆ ಹತ್ತರ ಲೆಕ್ಕದಲ್ಲಿ 30 ಗ್ರಾಂ, ಐದರ ಲೆಕ್ಕದಲ್ಲಿ 15 ಗ್ರಾಂ ಮಾತ್ರ.

ಲೆಕ್ಕ ತಿಳಿದ ಮಾತ್ರಕ್ಕೆ ಹಂಬಲ ಅಡಗುವುದಿಲ್ಲ ಎಂಬುದು ವಾಚಕರಿಗೆ ಗೊತ್ತೇ ಇದೆ. ಆಹಾರತಜ್ಞೆಯೊಬ್ಬರ ಸಲಹೆಯಂತೆ ಒಂದು ಸಣ್ಣ ಕಿರ್ದಿ ಪುಸ್ತಕವಿಟ್ಟು, ಹದಿನಾಲ್ಕು ದಿನ, ಸಿಹಿ ಬೇಕೆನಿಸಿದ ವೇಳೆ ಮತ್ತು ಅದಕ್ಕೆ ಮೊದಲು ಉಂಡದ್ದೇನು, ಹಿಂದಿನ ರಾತ್ರಿ ಎಷ್ಟು ನಿದ್ರಿಸಿದೆ ಎಂಬುದನ್ನು ಬರೆದೆನು. ಫಲಿತಾಂಶ ನನ್ನನ್ನೇ ಬೆರಗುಗೊಳಿಸಿತು. ಹಂಬಲವು ದಿನವಿಡೀ ಇರಲೇ ಇಲ್ಲ. ಸಂಜೆ ನಾಲ್ಕೂವರೆಗೆ ಮತ್ತು ರಾತ್ರಿ ಹತ್ತರ ಮೇಲೆ, ಹೀಗೆ ಎರಡೇ ಹೊತ್ತು. ಮಧ್ಯಾಹ್ನ ಸಾರು-ಅನ್ನ ಮಾತ್ರ ಉಂಡ ದಿನ ಅದು ಪ್ರಬಲ. ವರ್ಷಾಂತ್ಯದ ಲೆಕ್ಕಪತ್ರಗಳಿಗಾಗಿ ನಿದ್ರೆಗೆಟ್ಟ ಮಾರ್ಚ್ ತಿಂಗಳಲ್ಲಂತೂ ಮಿತಿಯೇ ಇರಲಿಲ್ಲ.

ಚಿಕಿತ್ಸೆಯೂ ಅಲ್ಲಿಂದಲೇ ದೊರೆಯಿತು. ಪ್ರೋಟೀನ್ ಎಂದು ವೈದ್ಯರು ಕರೆಯುವ ಸಸಾರಜನಕವು ನಮ್ಮಂಥವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ಪುಟ್ಟ ಜಠರದಲ್ಲಿ ಮೊದಲು ಅನ್ನಕ್ಕೆ ಸ್ಥಳ ಕೊಟ್ಟರೆ ಬೇಳೆಗೆ ಸ್ಥಳವೆಲ್ಲಿ? ಆದುದರಿಂದ ಗಟ್ಟಿ ತೊವ್ವೆ, ಮೊಳಕೆಕಾಳು, ಪನೀರು, ಸೇವಿಸುವವರಿಗೆ ತತ್ತಿ ಅಥವಾ ಮೀನು, ಇವು ಮೊದಲು, ಅನ್ನ-ಚಪಾತಿ ಕೊನೆಗೆ. ಉಣ್ಣುವಾಗ ನೀರು ಕುಡಿಯದೆ, ಅರ್ಧ ಗಂಟೆ ಬಿಟ್ಟು ಕುಡಿಯುವುದು. ನಾಲ್ಕು ಗಂಟೆಗೆ, ಹಂಬಲ ಬರುವುದಕ್ಕೆ ಮೊದಲೇ, ಮೇಜಿನ ಖಾನೆಯಿಂದ 30 ಗ್ರಾಂ ಪುಟಾಣಿ ತೆಗೆದು ಮೆಲ್ಲಗೆ ಅಗಿಯುತ್ತೇನೆ. ಅದರಲ್ಲಿ ಸುಮಾರು 6 ಗ್ರಾಂ ಸಸಾರಜನಕ ದೊರೆಯುತ್ತದೆ. ಚಹದ ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚೆಯಂತೆ ಇಳಿಸಿದೆ. ಚಹ ಬಿಡಲಿಲ್ಲ, ಬಿಡುವ ಶಪಥವನ್ನೂ ಮಾಡಲಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಸಿಹಿ ಅಥವಾ ಅನ್ನ ಹೆಚ್ಚಾಗಿ ಉಂಡ ಒಂದರಿಂದ ಮೂರು ಗಂಟೆಗಳ ನಂತರ ಇನ್ಸುಲಿನ್ ಅತಿಯಾಗಿ ಸ್ರವಿಸಿ ರಕ್ತದ ಸಕ್ಕರೆ ಕುಸಿಯುವುದುಂಟು. ಆಗ ಕೈ ನಡುಕ, ಬೆವರು, ಕಣ್ಣು ಕತ್ತಲೆ, ಸಿಹಿಗಾಗಿ ತಡೆಯಲಾರದ ತವಕ. ಇದನ್ನು ಮನೋದೌರ್ಬಲ್ಯವೆಂದು ಹಲ್ಲು ಕಚ್ಚಿ ಸಹಿಸುವುದು ಅಪಾಯಕರ. ಕೈಯಳತೆಯ ಯಂತ್ರದಿಂದ ರಕ್ತ ಪರೀಕ್ಷಿಸಿ, ಸಕ್ಕರೆ 70ಕ್ಕಿಂತ ಕೆಳಗಿದ್ದರೆ, ಅಥವಾ ಯಂತ್ರ ಹತ್ತಿರವಿಲ್ಲದಿದ್ದರೆ ಲಕ್ಷಣಗಳನ್ನೇ ನಂಬಿ, ವೈದ್ಯರು ಹೇಳಿಕೊಟ್ಟ ಪ್ರಮಾಣದಲ್ಲಿ ಗ್ಲೂಕೋಸ್ ಸೇವಿಸಬೇಕು. ಅದರ ಬೆನ್ನಿಗೇ ಸಸಾರಜನಕವಿರುವ ಆಹಾರವನ್ನೂ ತಿನ್ನಬೇಕು. ಇಲ್ಲವಾದರೆ ಏರಿದ ಸಕ್ಕರೆ ಮತ್ತೆ ಜಾರುತ್ತದೆ. ಪದೇಪದೇ ಹೀಗಾದರೆ ವೈದ್ಯರನ್ನು ಕಾಣಲೇಬೇಕು. ಜೀವಸತ್ವ ಬಿ-12, ಕಬ್ಬಿಣ, ಸುಣ್ಣದಂಶಗಳ ಗುಳಿಗೆಗಳನ್ನೂ ಯಾರೂ ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು. ಅವು ಜೀವನಪರ್ಯಂತ ಬೇಕಾಗುತ್ತವೆ.

ಬೆಲ್ಲ, ಜೇನುತುಪ್ಪಗಳು ನಿರಪಾಯವೆಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ಕರುಳಿಗೆ ಈ ಭೇದ ತಿಳಿಯದು. ‘ಶುಗರ್‌ಫ್ರೀ’ ಎಂದು ಮಾರುವ ಮಿಠಾಯಿಯಲ್ಲಿ ಖೋವಾ, ತುಪ್ಪಗಳಿಗೇನೂ ಕೊರತೆಯಿರುವುದಿಲ್ಲ. ಕೆಲವು ಕೃತಕ ಸಿಹಿಗಳಿಂದ ಭೇದಿಯೂ ಆಗುತ್ತದೆ.

ಎಲ್ಲಕ್ಕಿಂತ ಕಠಿಣವಾದದ್ದು ಪ್ರೀತಿಯಿಂದ ಬಡಿಸುವ ಕೈ. ಸಂಕ್ರಾಂತಿಗೆ ಕುಸುರೆಳ್ಳು, ಚೌತಿಗೆ ನೆರೆಮನೆಯ ಮೋದಕ, ದೀಪಾವಳಿಗೆ ಕರಂಜಿ. ಕನ್ನಡಿಗರದೂ ಮರಾಠಿಗರದೂ ಸೇರಿ ನಮಗೆ ಎರಡು ಪಾಲು ಹಬ್ಬ. ಧಾರವಾಡದಿಂದ ಬಂದ ಅವ್ವ ಶಸ್ತ್ರಚಿಕಿತ್ಸೆಯ ಮರುವರ್ಷ, “ಒಂದ ಹೋಳಿಗಿ ತಿಂದ್ರ ಏನಾಗ್ತದೋ ತಮ್ಮಾ?” ಎಂದು ಕಣ್ಣೀರಿಟ್ಟಿದ್ದಳು. ನಾನು ತಟ್ಟೆ ಸರಿಸಿ ಎದ್ದುಹೋಗಿದ್ದೆ. ಆ ಒರಟುತನವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಅದೇ ರಾತ್ರಿ ಅಡಿಗೆಮನೆಯ ಕತ್ತಲೆಯಲ್ಲಿ ನಿಂತು ಅದೇ ಹೋಳಿಗೆಯನ್ನು ಕದ್ದು ತಿಂದದ್ದನ್ನು ನೆನೆದರೆ ಇನ್ನೂ ಹೆಚ್ಚು.

ಈಗ ಆಹಾರತಜ್ಞೆಯ ಒಪ್ಪಿಗೆಯಂತೆ ಹಬ್ಬದ ದಿನ ಮಾತ್ರ, ಊಟದ ಕೊನೆಯಲ್ಲಿ, ಎಲ್ಲರೆದುರು ಕುಳಿತು ಕಾಲು ಹೋಳಿಗೆ ತಿನ್ನುತ್ತೇನೆ. ತೂಕ 86ಕ್ಕೆ ಬಂದು ನಿಂತಿದೆ. ಕಳೆದ ಯುಗಾದಿಗೆ ಅವ್ವ ಯಾರೂ ಹೇಳದೆ ಅಂಗೈಯಗಲದ ಹೋಳಿಗೆಗಳನ್ನು ಲಟ್ಟಿಸಿದಳು. ಅರ್ಧ ಮುರಿದು ನನ್ನ ತಟ್ಟೆಗಿಟ್ಟು, ಉಳಿದರ್ಧವನ್ನು ತಾನು ತಿಂದಳು. ಆಕೆಗೂ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ.