ಚಿತ್ರಕಾರರ ಮನೆಯನ್ನು ಉಳಿಸಿಕೊಂಡ ಬಗೆ

ನಮ್ಮ ಪಾಠಶಾಲೆಯಲ್ಲಿ ಓದಿ ಹೋದ ವಿದ್ಯಾರ್ಥಿನಿಯರಿಗೂ ಅವರ ತಂದೆತಾಯಿಗಳಿಗೂ ಈ ಸ್ಮರಣ ಸಂಚಿಕೆಯ ಮೂಲಕ ಒಂದು ಪಾಠವನ್ನು ಒಪ್ಪಿಸಬೇಕೆಂದು ನಮಗೆ ಅಪೇಕ್ಷೆಯಾಗಿದೆ. ಪಾಠದ ವಿಷಯವು ದೂರ ದೇಶದ್ದು. ಆದರೆ ಅದರ ಪ್ರಯೋಜನವು ಪ್ರತಿಯೊಂದು ಮನೆಗೂ ಸಲ್ಲತಕ್ಕದ್ದು. ಚಿತ್ರಕಾರರೊಬ್ಬರು ಬಾಳಿದ ಮನೆಯನ್ನು ಅವರ ಕಾಲಾನಂತರ ಏಕೆ ಉಳಿಸಬೇಕು? ಹೇಗೆ ಉಳಿಸಬೇಕು? ಉಳಿಸಿದ ಮೇಲೆ ಅದನ್ನು ಯಾವುದಕ್ಕೆ ಉಪಯೋಗಿಸಬೇಕು? ಈ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ. ದೃಷ್ಟಾಂತಕ್ಕಾಗಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಕನೆಕ್ಟಿಕಟ್‌ನಲ್ಲಿರುವ ‘ವಿಯರ್ ಫಾರ್ಮ್’ ಎಂಬ ಹೊಲಮನೆಯನ್ನು ಆರಿಸಿಕೊಂಡಿದ್ದೇವೆ.

1. ಚಿತ್ರಕಾರರು ಮತ್ತು ಅವರ ಹೊಲಮನೆ

ಜೂಲಿಯನ್ ಆಲ್ಡೆನ್ ವಿಯರ್ ಅವರು 1852ನೆಯ ಇಸವಿಯಲ್ಲಿ ನ್ಯೂಯಾರ್ಕ್ ಸಂಸ್ಥಾನದ ವೆಸ್ಟ್ ಪಾಯಿಂಟ್ ಎಂಬಲ್ಲಿ ಹುಟ್ಟಿದರು. ಅವರ ತಂದೆಯು ಅಲ್ಲಿಯ ಸೈನಿಕ ವಿದ್ಯಾಶಾಲೆಯಲ್ಲಿ ಚಿತ್ರಲೇಖನವನ್ನು ಕಲಿಸುವ ಉಪಾಧ್ಯಾಯರಾಗಿದ್ದರು. ಅಣ್ಣನು ಮುಂದೆ ಯೇಲ್ ವಿಶ್ವವಿದ್ಯಾನಿಲಯದ ಕಲಾಶಾಲೆಯ ಮುಖ್ಯಸ್ಥನಾದನು. ಹೀಗೆ ಕುಂಚವನ್ನು ಹಿಡಿಯುವುದು ಆ ಮನೆತನಕ್ಕೆ ರೂಢಿಯಾಗಿದ್ದಿತು. ವಿಯರ್ ಅವರು 1873ರಿಂದ 1877ರ ವರೆಗೆ ಪ್ಯಾರಿಸಿನಲ್ಲಿ ವ್ಯಾಸಂಗ ಮಾಡಿದರು. ಬೆಳಕು ಕ್ಷಣಕ್ಷಣಕ್ಕೂ ಬದಲಾಗುವುದನ್ನು ಬಿಡಿಬಿಡಿ ವರ್ಣಗಳಿಂದ ಹಿಡಿಯುವ ಇಂಪ್ರೆಷನಿಸ್ಟ್ ಪದ್ಧತಿಯು ಆಗತಾನೇ ಅಲ್ಲಿ ತಲೆಯೆತ್ತುತ್ತಿದ್ದಿತು. ಮೊದಲು ಕಂಡಾಗ ಅದು ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ. ಆದರೆ ಕಾಲಕ್ರಮದಲ್ಲಿ ಆ ಪದ್ಧತಿಯನ್ನು ಅಮೆರಿಕದಲ್ಲಿ ಬೇರೂರಿಸಿದವರ ಪೈಕಿ ಅವರೂ ಒಬ್ಬರಾದರು. ಈ ಮಾರ್ಪಾಟಿನಲ್ಲಿ ಅವರ ಹೊಲಮನೆಗೆ ದೊಡ್ಡ ಭಾಗವುಂಟು.

1882ರಲ್ಲಿ ಚಿತ್ರಸಂಗ್ರಾಹಕರಾದ ಅರ್ವಿನ್ ಡೇವಿಸ್ ಎಂಬವರು ತಮ್ಮ 153 ಎಕರೆ ಜಮೀನನ್ನು ವಿಯರ್ ಅವರಿಗೆ ಕೊಟ್ಟರು. ಅದಕ್ಕೆ ಪ್ರತಿಯಾಗಿ ಪಡೆದದ್ದು ವಿಯರ್ ಅವರ ಬಳಿಯಿದ್ದ ಒಂದು ಚಿತ್ರಪಟ ಮತ್ತು 10 ಡಾಲರು ಮಾತ್ರ. ನೆಲವೇನೋ ಕಲ್ಲುಮಯವಾದದ್ದು, ಸಮೃದ್ಧವಾದ ಬೆಳೆಯನ್ನು ಅಲ್ಲಿ ನಿರೀಕ್ಷಿಸುವಂತಿರಲಿಲ್ಲ. ಆದರೆ ಕಲ್ಲಿನ ಬೇಲಿಗೋಡೆ, ಕೊಟ್ಟಿಗೆ, ತೋಪು, ಹುಲ್ಲುಗಾವಲು ಇವೆಲ್ಲವೂ ಚಿತ್ರಗಳಾಗಿ ಫಲಿಸಿದವು. ಮನೆಯ ಬಳಿ ಒಗೆದು ಹರವಿದ ಬಟ್ಟೆಗಳು ಬಿಸಿಲಿಗೆ ಒಣಗುವುದು ಸಹ ಅವರಿಗೆ ಒಂದು ಚಿತ್ರದ ವಸ್ತುವಾಯಿತು. 1896ರಲ್ಲಿ ಬಾಸ್ಟನ್ ನಗರದ ಪ್ರದರ್ಶನದಲ್ಲಿ ಅವರ ಒಂದು ಚಿತ್ರಕ್ಕೆ 2,500 ಡಾಲರುಗಳ ಬಹುಮಾನವು ಬಂದಿತು. ಆ ಹಣದಿಂದ ಅವರು ಹೊಲದಲ್ಲಿ ಒಂದು ಕೆರೆಯನ್ನು ಕಟ್ಟಿಸಿದರು. ಕೆರೆಯೂ ಮತ್ತೆ ಚಿತ್ರವಾಯಿತು. ಟ್ವಾಕ್ಟ್‌ಮನ್, ಹ್ಯಾಸಮ್, ರೈಡರ್ ಮುಂತಾದ ಹೆಸರುವಾಸಿಯಾದ ಚಿತ್ರಕಾರರು ಅತಿಥಿಗಳಾಗಿ ಬಂದು ಅಲ್ಲಿದ್ದು ಹೋಗುತ್ತಿದ್ದರು. ಇದನ್ನು ನಮ್ಮ ಓದುಗರು ನೆನಪಿನಲ್ಲಿಡಬೇಕು: ಕಲಾವಿದರಿಗೆ ಆತಿಥ್ಯವನ್ನು ಕೊಡುವುದು ಆ ಮನೆಗೆ ಮೊದಲಿನಿಂದಲೂ ಬಂದ ಗುಣವಾಗಿರುತ್ತದೆ.

2. ಮನೆಯನ್ನು ಕಾಯ್ದ ಸ್ತ್ರೀಯರು

ವಿಯರ್ ಅವರು 1919ರಲ್ಲಿ ತೀರಿಕೊಂಡರು. ಅವರಿಗೆ ಗಂಡು ಮಕ್ಕಳು ಉಳಿದಿರಲಿಲ್ಲ. ಕ್ಯಾರೊಲೈನ್, ಡಾರೊತಿ, ಕೋರಾ ಎಂಬ ಮೂವರು ಪುತ್ರಿಯರಿದ್ದರು. ತಂದೆಯ ಹೆಸರನ್ನು ಉಳಿಸುವುದು ಹೆಣ್ಣು ಮಕ್ಕಳಿಂದ ಆಗದೆಂದು ಭಾವಿಸುವವರು ಇಲ್ಲಿಂದ ಮುಂದಿನ ಸಂಗತಿಯನ್ನು ಚೆನ್ನಾಗಿ ಗಮನಿಸಬೇಕು.

ಡಾರೊತಿಯು ತಾನೇ ಚಿತ್ರಗಾರ್ತಿಯಾಗಿದ್ದಳು. ಆಕೆಯು 1931ರಲ್ಲಿ ಮಹೋನ್ರೈ ಯಂಗ್ ಎಂಬ ಶಿಲ್ಪಿಯನ್ನು ವಿವಾಹವಾದಳು. ಅವರು ಹೊಲಮನೆಯಲ್ಲಿಯೇ ತಮಗೊಂದು ಶಿಲ್ಪಶಾಲೆಯನ್ನು ಕಟ್ಟಿಸಿಕೊಂಡುದರಿಂದ ಅಲ್ಲಿ ಕಲೆಯ ಕೆಲಸವು ನಿಲ್ಲದೆ ನಡೆಯಿತು. ಅಲ್ಲದೆ ಡಾರೊತಿಯು ತಂದೆಯ ಕಾಗದಪತ್ರಗಳನ್ನೆಲ್ಲ ಸಂಗ್ರಹಿಸಿ ಅವರ ಜೀವನ ವೃತ್ತಾಂತವನ್ನು ಬರೆದಳು. ಆಕೆಯು 1947ರಲ್ಲಿ ಮೃತಳಾದಳು; ಗ್ರಂಥವು 1960ರಲ್ಲಿ ಅಚ್ಚಾಗಿ ಹೊರಬಿದ್ದಿತು. ಇಂದು ಆ ಮನೆಯ ವಿಷಯವಾಗಿ ತಿಳಿದಿರುವುದರಲ್ಲಿ ಬಹುಭಾಗವು ಈ ಮಗಳ ಶ್ರಮದಿಂದಲೇ ದೊರೆತದ್ದಾಗಿದೆ.

ಕಿರಿಯಳಾದ ಕೋರಾಳು ಪಕ್ಕದ ಜಮೀನನ್ನು ನೋಡಿಕೊಂಡು, ಅಲ್ಲಿ ಸುಂದರವಾದ ತೋಟಗಳನ್ನು ಬೆಳೆಸಿದಳು. ಅಷ್ಟರಲ್ಲಿ ಸುತ್ತಲಿನ ಹೊಲಗಳನ್ನು ತುಂಡು ಮಾಡಿ ಮನೆ ನಿವೇಶನಗಳಾಗಿ ಮಾರುವ ಕಾಲವು ಬಂದಿತು. ಭೂಮಿಗೆ ಬೆಲೆಯೇರಿದಂತೆಲ್ಲ ಚಿತ್ರಗಳಲ್ಲಿ ಕಾಣುವ ಬಯಲುಗಳು ಕಣ್ಮರೆಯಾಗುವ ಭಯವು ಹೆಚ್ಚಿತು. ಕೋರಾಳು ಮಾರಿದ್ದರೆ ಧನವನ್ನು ಪಡೆಯಬಹುದಾಗಿದ್ದಿತು; ಆದರೆ 1969ರಲ್ಲಿ ಆಕೆಯು ಸುಮಾರು 37 ಎಕರೆಯನ್ನು ಪ್ರಕೃತಿ ಸಂರಕ್ಷಣೆಯ ಸಂಸ್ಥೆಯೊಂದಕ್ಕೆ ದಾನವಾಗಿ ಕೊಟ್ಟಳು.

ಯಂಗ್ ಅವರು 1957ರಲ್ಲಿ ತೀರಿಕೊಂಡ ಬಳಿಕ ವಿಯರ್ ಅವರ ಮನೆಯನ್ನು ಸ್ಪೆರಿ ಆಂಡ್ರೂಸ್ ಮತ್ತು ಡೋರಿಸ್ ಆಂಡ್ರೂಸ್ ಎಂಬ ದಂಪತಿಗಳು ಕೊಂಡರು. ಇವರಿಬ್ಬರೂ ಚಿತ್ರಕಾರರು. ಹೊಸದಾಗಿ ಮನೆಯನ್ನು ಕೊಂಡವರು ಹಳೆಯದನ್ನು ಕೆಡವಿ ಕಟ್ಟುವುದು ಲೋಕರೂಢಿ. ಇವರಾದರೋ ಹಿಂದಿನವರ ಪೀಠೋಪಕರಣಗಳನ್ನೂ ಚಿತ್ರಶಾಲೆಗಳನ್ನೂ ಇದ್ದಂತೆಯೇ ಇಟ್ಟುಕೊಂಡು, ಅವುಗಳ ನಡುವೆ ತಮ್ಮ ಮಕ್ಕಳನ್ನು ಸಾಕುತ್ತ ಚಿತ್ರಗಳನ್ನು ಬರೆದರು. ಡೋರಿಸ್ ಅವರು ಕೋರಾಳೊಡನೆಯೂ ನೆರೆಹೊರೆಯವರೊಡನೆಯೂ ಸೇರಿ, ಈ ಸ್ಥಳವು ನಾಶವಾಗಬಾರದೆಂದು ವರ್ಷಗಟ್ಟಲೆ ಪ್ರಯತ್ನಪಟ್ಟರು.

3. ಸರ್ಕಾರದ ಆಶ್ರಯ

ಸದ್ಭಾವನೆಯು ಎಷ್ಟಿದ್ದರೂ ಕಾಯಿದೆಯ ಬೆಂಬಲವಿಲ್ಲದೆ ಆಸ್ತಿಯು ಬಹುಕಾಲ ಉಳಿಯಲಾರದು. ಒಬ್ಬರು ಕಾಪಾಡಿದ್ದನ್ನು ಅವರ ವಾರಸುದಾರರು ಮಾರಬಹುದು. ಆದುದರಿಂದ ಧರ್ಮಾರ್ಥ ಸಂಸ್ಥೆಗಳ ಸಹಾಯದಿಂದ ಜಮೀನನ್ನು ಭಾಗಭಾಗವಾಗಿ ಕೊಂಡು ಕೂಡಿಸಲಾಯಿತು. 1989ರಲ್ಲಿ ಇದಕ್ಕಾಗಿಯೇ ಒಂದು ಟ್ರಸ್ಟು ಏರ್ಪಟ್ಟಿತು. 1990ನೆಯ ಅಕ್ಟೋಬರ್ 31ರಂದು ಶಾಸನದ ಮೂಲಕ ಆ ಸ್ಥಳವು ರಾಷ್ಟ್ರೀಯ ಐತಿಹಾಸಿಕ ಸ್ಥಾನವೆನಿಸಿತು. ಆಂಡ್ರೂಸ್ ದಂಪತಿಗಳಿಗೆ ಜೀವಿತಾವಧಿಯ ವರೆಗೆ ಅಲ್ಲಿಯೇ ವಾಸಿಸುವ ಹಕ್ಕು ಇದ್ದಿತು. ಡೋರಿಸ್ ಅವರು 2003ರಲ್ಲಿಯೂ ಸ್ಪೆರಿ ಅವರು 2005ರಲ್ಲಿಯೂ ಕಾಲವಾದರು. ಆಮೇಲೆ ದುರಸ್ತಿಗಳು ನಡೆದು, ಮನೆಯೂ ಚಿತ್ರಶಾಲೆಗಳೂ 2014ರಲ್ಲಿ ಸಾರ್ವಜನಿಕರಿಗೆ ತೆರೆಯಲ್ಪಟ್ಟವು. 2020ರಲ್ಲಿ ಅಮೆರಿಕದ ಕಾಲು ಡಾಲರಿನ ನಾಣ್ಯದ ಮೇಲೆ ಈ ಚಿತ್ರಶಾಲೆಯ ಆಕೃತಿಯನ್ನು ಮುದ್ರಿಸಿದರು.

ಇಂತಹ ಸ್ಥಳದ ಸಂರಕ್ಷಣೆಯು ಗೋಡೆಗೆ ಸುಣ್ಣ ಬಳಿದು ಬಾಗಿಲಿಗೆ ಬೀಗ ಹಾಕಿದ ಮಾತ್ರಕ್ಕೆ ಮುಗಿಯುವುದಿಲ್ಲ. ಉಳುಮೆಯೂ ದನ ಮೇಯಿಸುವುದೂ ನಿಂತುಹೋದ ಬಯಲಿನಲ್ಲಿ ಕೆಲವೇ ವರ್ಷಗಳೊಳಗೆ ಪೊದೆಗಳೂ ಮರಗಳೂ ಬೆಳೆಯುತ್ತವೆ. ಹುಲ್ಲನ್ನು ಕೊಯ್ಯಿಸದೆ ಬಿಟ್ಟರೆ ಚಿತ್ರಕಾರರು ಕಂಡ ನೋಟವೇ ಮುಚ್ಚಿಹೋಗುವುದು. ಮನೆಯನ್ನು ಉಳಿಸಿ ನೋಟವನ್ನು ಕಳೆದುಕೊಂಡರೆ, ಓಲೆಯನ್ನು ಎಸೆದು ಲಕೋಟೆಯನ್ನು ಜೋಪಾನ ಮಾಡಿದಂತೆ ಆಗುವುದಲ್ಲವೇ?

4. ಕಲಾವಿದರ ವಾಸ

ಇನ್ನು ಮೂರನೆಯ ಪ್ರಶ್ನೆ. ಉಳಿಸಿದ ಮನೆಯನ್ನು ವಸ್ತುಪ್ರದರ್ಶನಶಾಲೆಯಾಗಿ ಮಾಡಿದರೆ ಸಾಲದೇ, ಅಲ್ಲಿಗೆ ಹೊಸ ಚಿತ್ರಕಾರರನ್ನು ಏತಕ್ಕೆ ಕರೆಯಬೇಕು, ಖರ್ಚೂ ಜವಾಬ್ದಾರಿಯೂ ಹೆಚ್ಚುವುದಿಲ್ಲವೇ ಎಂದು ಕೆಲವರು ಕೇಳಬಹುದು. ಈ ಆಕ್ಷೇಪಣೆಯಲ್ಲಿ ಸ್ವಲ್ಪ ಸತ್ಯವಿದೆ. ವಾಸಮಾಡುವವರಿಗೆ ಒಲೆ, ನೀರು, ದೀಪ ಎಲ್ಲವೂ ಬೇಕು; ಬಣ್ಣವೂ ಎಣ್ಣೆಯೂ ಹಳೆಯ ನೆಲದ ಮೇಲೆ ಚೆಲ್ಲಬಾರದು. ಆದುದರಿಂದಲೇ ಅಲ್ಲಿ ಚಾರಿತ್ರಿಕವಾದ ಕೊಠಡಿಗಳನ್ನು ಬೇರೆಯಾಗಿಟ್ಟು, ಆಯ್ಕೆಯಾದ ಕಲಾವಿದರಿಗೆ ಪ್ರತ್ಯೇಕವಾದ ಮನೆಯನ್ನೂ ಕೆಲಸದ ಶಾಲೆಯನ್ನೂ ಕೊಟ್ಟಿರುತ್ತಾರೆ. ಈ ಏರ್ಪಾಡು 1998ರಲ್ಲಿ ಆರಂಭವಾಯಿತು. ಬಂದವರು ಸುಮಾರು ಒಂದು ತಿಂಗಳು ಅಲ್ಲಿದ್ದು ತಮ್ಮ ಕೆಲಸವನ್ನು ಮಾಡಿಕೊಳ್ಳುತ್ತಾರೆ. ನೋಡಲು ಬಂದ ಸಾಮಾನ್ಯ ಜನರಿಗೂ ಮಕ್ಕಳಿಗೂ ಬಣ್ಣ, ಕುಂಚ, ಕಾಗದಗಳನ್ನು ಕೊಟ್ಟು, ಮರದಡಿಯಲ್ಲಿ ಕುಳಿತು ಚಿತ್ರ ಬರೆಯಿರೆಂದು ಪ್ರೋತ್ಸಾಹಿಸುವುದೂ ಉಂಟು.

ವಿಯರ್ ಅವರನ್ನು ಅನುಕರಿಸಬೇಕೆಂದು ಆ ಕಲಾವಿದರಿಗೆ ಕಟ್ಟಳೆಯೇನೂ ಇರುವುದಿಲ್ಲ. ಅದೇ ಬಯಲನ್ನು ಅವರು ತಮ್ಮ ಕಣ್ಣಿನಿಂದ ನೋಡಬಹುದು. ಸಂಸಾರದ ಕೆಲಸಗಳ ನಡುವೆ ಕುಂಚ ಹಿಡಿಯಲು ಬಿಡುವಿಲ್ಲದವರಿಗೆ ಒಂದು ತಿಂಗಳ ಏಕಾಂತವು ಎಷ್ಟು ದೊಡ್ಡ ದಾನವೆಂಬುದನ್ನು ಗೃಹಿಣಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನಾವು ವಿವರಿಸಬೇಕಾದದ್ದಿಲ್ಲ.

5. ಪಾಠದ ತಾತ್ಪರ್ಯ

ಹೆಣ್ಣು ಮಕ್ಕಳಿಗೆ ಚಿತ್ರಲೇಖನದ ತರಗತಿ ಏತಕ್ಕೆ, ಆ ಹೊತ್ತನ್ನು ಗಣಿತಕ್ಕೆ ಕೊಡಬಾರದೇ ಎಂದು ತಂದೆತಾಯಿಗಳು ನಮ್ಮನ್ನು ಕೇಳುವುದುಂಟು. ಗಣಿತವು ಅವಶ್ಯವೇ, ಅದನ್ನು ನಾವು ಕಡಮೆ ಮಾಡುವುದಿಲ್ಲ. ಆದರೆ ಡಾರೊತಿ, ಕೋರಾ, ಡೋರಿಸ್ ಎಂಬ ಮೂವರು ಸ್ತ್ರೀಯರಿಗೆ ನೋಡುವ ಕಣ್ಣಿಲ್ಲದಿದ್ದರೆ, ಆ ಹೊಲವು ಇಂದು ನಿವೇಶನಗಳ ಸಾಲಾಗಿ ಇರುತ್ತಿದ್ದಿತು. ಯಾವುದು ಬೆಲೆಯುಳ್ಳದ್ದೆಂದು ಬಲ್ಲವರೇ ಅದನ್ನು ಕಾಯುವರು. ಚಿತ್ರಲೇಖನದ ತರಗತಿಯಿಂದ ಎಲ್ಲ ಬಾಲಕಿಯರೂ ಚಿತ್ರಗಾರ್ತಿಯರಾಗುವುದಿಲ್ಲ. ಒಂದು ವಸ್ತುವನ್ನು ನಿಧಾನವಾಗಿ ನೋಡುವುದನ್ನಾದರೂ ಎಲ್ಲರೂ ಕಲಿಯುತ್ತಾರೆ.

ಪ್ರತಿಯೊಂದು ಮನೆಯಲ್ಲಿಯೂ ಪ್ರಸಿದ್ಧ ಚಿತ್ರಕಾರರು ಇರುವುದಿಲ್ಲ. ಆದರೆ ಅಜ್ಜಿಯು ಹಾಕಿದ ಕಸೂತಿ, ಹಸೆಚಿತ್ರ ಬರೆದ ಗೋಡೆ, ತಂದೆಯ ಕೈಬರಹದ ಪುಸ್ತಕ ಇಂಥವು ಅನೇಕ ಮನೆಗಳಲ್ಲಿರುತ್ತವೆ. ಅವುಗಳನ್ನು ಅಟ್ಟದಲ್ಲಿ ಗೆದ್ದಲಿಗೆ ಬಿಡಬಾರದು. ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೂ ಸಾಲದು. ಮಾಡಿದವರ ಹೆಸರನ್ನೂ ವರ್ಷವನ್ನೂ ಬರೆದಿಟ್ಟು, ಮಕ್ಕಳಿಗೆ ತೋರಿಸಿ, ಅದೇ ಕೆಲಸವನ್ನು ಅವರ ಕೈಯಿಂದ ಮಾಡಿಸಬೇಕು. ಆಗ ಮಾತ್ರವೇ ಹಳೆಯದು ಜೀವಂತವಾಗಿ ಉಳಿಯುವುದು.

ಮನೆಯಲ್ಲಿ ಮಕ್ಕಳೊಡನೆ ವಿಚಾರಿಸತಕ್ಕ ಪ್ರಶ್ನೆಗಳು:

(1) ಕೋರಾಳು ಜಮೀನನ್ನು ಮಾರದೆ ದಾನಮಾಡಿದ್ದರಿಂದ ಕಳೆದುಕೊಂಡದ್ದೇನು, ಉಳಿಸಿದ್ದೇನು?

(2) ಮನೆಯೊಂದನ್ನೇ ಉಳಿಸಿ ಸುತ್ತಲಿನ ಬಯಲನ್ನು ಬಿಟ್ಟಿದ್ದರೆ ಆಗುತ್ತಿದ್ದ ನಷ್ಟವಾವುದು?

(3) ನಿಮ್ಮ ಮನೆಯಲ್ಲಿ ಹಿರಿಯರ ಕೈಗೆಲಸದ ಯಾವ ವಸ್ತುವಿದೆ? ಅದನ್ನು ಮಾಡುವ ಬಗೆಯನ್ನು ಬಲ್ಲವರು ಈಗ ಯಾರಿದ್ದಾರೆ? ಅವರಿಂದ ಕಲಿಯಲು ಯಾವ ದಿನ ಆರಂಭಿಸುವಿರಿ?