ಬೋಧನಾ ವಿಮುಕ್ತಿ ಅನುದಾನ ಮತ್ತು ಕನ್ನಡ ಸಂಶೋಧನೆ

ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ಬೋಧನೆ ಮತ್ತು ಸಂಶೋಧನೆ ಎಂಬ ಎರಡು ಹೊಣೆಗಳಿವೆ. ಮೊದಲನೆಯದಕ್ಕೆ ವೇಳಾಪಟ್ಟಿಯಿದೆ, ಎರಡನೆಯದಕ್ಕೆ ಇಲ್ಲ. ಹೀಗಾಗಿ ಬೋಧನೆಯಿಂದ ಉಳಿದ ಬಿಡುವೇ ಸಂಶೋಧನೆಯ ಕಾಲವಾಗುತ್ತದೆ. ನಿರ್ದಿಷ್ಟ ಅವಧಿಗೆ ಅಧ್ಯಾಪಕರನ್ನು ತರಗತಿಯಿಂದ ಬಿಡುಗಡೆಗೊಳಿಸಿ, ಅವರ ಪಾಠಗಳನ್ನು ವಹಿಸಿಕೊಳ್ಳುವ ಬದಲಿ ಅಧ್ಯಾಪಕರ ವೇತನವನ್ನು ಭರಿಸುವ ನೆರವೇ ಬೋಧನಾ ವಿಮುಕ್ತಿ ಅನುದಾನ. ಇದರ ಸ್ವರೂಪ ಮತ್ತು ಮಿತಿಗಳನ್ನು ಕನ್ನಡ ಸಂಶೋಧನೆಯ ಅಗತ್ಯಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಕಲ್ಪನೆಯ ಮೂಲಕ್ಕೂ ಭಾರತೀಯ ವಿದ್ಯೆಗೂ ಸಂಬಂಧವಿದೆ. ಏಳನೆಯ ವರ್ಷದ ವಿರಾಮವನ್ನು ಹಾರ್ವರ್ಡ್ ವಿಶ್ವವಿದ್ಯಾಲಯವು ೧೮೮೦ರಲ್ಲಿ ಜಾರಿಗೆ ತಂದಿತು. ಸಂಸ್ಕೃತ ವಿದ್ವಾಂಸ ಚಾರ್ಲ್ಸ್ ಲ್ಯಾನ್‌ಮನ್ ಅವರನ್ನು ಅಲ್ಲಿಗೆ ಬರಮಾಡಿಕೊಂಡ ಸಂದರ್ಭ ಅದು. ಲ್ಯಾನ್‌ಮನ್ ೧೮೮೯ರಲ್ಲಿ ಭಾರತದಲ್ಲಿ ಸಂಚರಿಸಿ ಸಂಸ್ಕೃತ, ಪ್ರಾಕೃತ ಹಸ್ತಪ್ರತಿಗಳನ್ನು ಸಂಗ್ರಹಿಸಿದರು. ೧೮೯೧ರಲ್ಲಿ ಹಾರ್ವರ್ಡ್ ಓರಿಯಂಟಲ್ ಸೀರೀಸ್ ಗ್ರಂಥಮಾಲೆ ಆರಂಭವಾಯಿತು. ಇಂತಹ ಕಾರ್ಯವು ನಿತ್ಯದ ಪಾಠದ ನಡುವೆ ಸಾಗುವಂಥದ್ದಲ್ಲ.

ಭಾರತದಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಅಧ್ಯಾಪಕ ಅಭಿವೃದ್ಧಿ ಯೋಜನೆ ಇದಕ್ಕೆ ಉತ್ತಮ ನಿದರ್ಶನ. ಹನ್ನೊಂದನೆಯ ಪಂಚವಾರ್ಷಿಕ ಯೋಜನೆಯ (೨೦೦೭–೧೨) ಕಾಲದಲ್ಲಿ ಎಂ.ಫಿಲ್., ಪಿಎಚ್.ಡಿ. ಅಧ್ಯಯನಕ್ಕೆ ಆಯ್ಕೆಯಾದ ಕಾಲೇಜು ಅಧ್ಯಾಪಕರಿಗೆ ಅವರ ಸಂಸ್ಥೆಯೇ ಎಂದಿನಂತೆ ವೇತನ ನೀಡುತ್ತಿತ್ತು. ಬದಲಿ ಅಧ್ಯಾಪಕರ ವೇತನವನ್ನು ಆಯೋಗ ಭರಿಸುತ್ತಿತ್ತು. ರಜೆಗೂ ಅನುದಾನಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ರಜೆಯು ಅಧ್ಯಾಪಕರನ್ನು ಮಾತ್ರ ಬಿಡುಗಡೆಗೊಳಿಸುತ್ತದೆ. ಅನುದಾನವು ತರಗತಿಯನ್ನೂ ಕಾಯುತ್ತದೆ. ಆಯೋಗದ ೨೦೧೮ರ ನಿಯಮಾವಳಿಯು ಏಳು ವರ್ಷ ಸೇವೆ ಸಲ್ಲಿಸಿದ ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ ಸಬ್ಯಾಟಿಕಲ್ ರಜೆಗೆ ಅವಕಾಶವಿತ್ತಿತು. ಆದರೆ ವಾರಕ್ಕೆ ಹದಿನಾರು ಗಂಟೆಗಳ ನೇರ ಬೋಧನೆಯ ಭಾರ ಹೊತ್ತ ಸಹಾಯಕ ಪ್ರಾಧ್ಯಾಪಕರು ಆ ರಜೆಯ ವ್ಯಾಪ್ತಿಗೆ ಬರಲಿಲ್ಲ.

ಕನ್ನಡ ಸಂಶೋಧನೆಯಲ್ಲಿ ಈ ಪ್ರಶ್ನೆ ಇನ್ನಷ್ಟು ತೀವ್ರವಾದುದು. ಗ್ರಂಥಸಂಪಾದಕರು ಓಲೆಗರಿಗಳಿರುವ ಮಠ, ಮನೆತನ, ಗ್ರಂಥಾಲಯಗಳಿಗೆ ಹೋಗಿ ಪ್ರತಿಗಳನ್ನು ತಾಳೆನೋಡಬೇಕು. ಪಾಠಾಂತರಗಳ ನಿರ್ಣಯಕ್ಕೆ ಎಡೆಬಿಡದ ಗಮನ ಬೇಕು. ಎರಡು ತರಗತಿಗಳ ನಡುವಿನ ಒಂದು ಗಂಟೆಯಲ್ಲಿ ಕಡತ ಬಿಚ್ಚುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಜಾನಪದ ಕ್ಷೇತ್ರಕಾರ್ಯವಂತೂ ಸಂಶೋಧಕರ ಅನುಕೂಲವನ್ನು ಕಾಯದು. ಮಲೆ ಮಾದಪ್ಪನ ಬೆಟ್ಟದ ಶಿವರಾತ್ರಿ ಜಾತ್ರೆಯಲ್ಲಿ ಕಂಸಾಳೆಯವರ ಹಾಡನ್ನು ದಾಖಲಿಸಬೇಕಾದವರು ಶಿವರಾತ್ರಿಯಂದೇ ಅಲ್ಲಿರಬೇಕು. ಬೇಸಿಗೆ ರಜೆಯಲ್ಲಿ ಆ ಜಾತ್ರೆ ಮರಳಿ ನಡೆಯುವುದಿಲ್ಲ. ಪುಸ್ತಕ, ಪ್ರಯಾಣ, ಉಪಕರಣಗಳಿಗೆ ಮಾತ್ರ ಹಣ ನೀಡುವ ಸಂಶೋಧನಾ ಯೋಜನೆಗಳು ಈ ಕೊರತೆಯನ್ನು ತುಂಬಲಾರವು.

ಇಷ್ಟಾಗಿಯೂ ವಿಮುಕ್ತಿಯು ತಾನಾಗಿಯೇ ಫಲ ನೀಡುವುದಿಲ್ಲ. ಹಳಗನ್ನಡ ಕಾವ್ಯವನ್ನೋ ಛಂದಸ್ಸನ್ನೋ ಪಾಠ ಹೇಳಬಲ್ಲ ಬದಲಿ ಅಧ್ಯಾಪಕರು ದೊರೆಯದಿದ್ದರೆ ಹೊರೆ ಸಹೋದ್ಯೋಗಿಗಳ ಮೇಲೆ ಬೀಳುತ್ತದೆ. ಮೂರು ನಾಲ್ಕು ಜನರಿರುವ ವಿಭಾಗದಲ್ಲಿ ಒಬ್ಬರ ಸಂಶೋಧನೆ ಮತ್ತೊಬ್ಬರ ಸಂಶೋಧನೆಯನ್ನು ನಿಲ್ಲಿಸುವಂತಾಗಬಾರದು. ಬದಲಿಗೆ ಬಂದವರಿಗೆ ಅಲ್ಪ ಸಂಭಾವನೆ ನೀಡಿದಲ್ಲಿ ಅದು ಯುವ ವಿದ್ವಾಂಸರ ಸಮಯವನ್ನು ಅಗ್ಗವಾಗಿ ಕೊಂಡಂತೆ. ಮೌಲ್ಯಮಾಪನ, ಸಭೆ, ಸಮಿತಿಗಳ ಕೆಲಸ ಹಾಗೆಯೇ ಉಳಿದರೆ ವಿಮುಕ್ತಿ ಹೆಸರಿಗಷ್ಟೇ ಸೀಮಿತವಾಗುತ್ತದೆ.

ಆದುದರಿಂದ ಈ ಅನುದಾನದಲ್ಲಿ ಬದಲಿ ಅಧ್ಯಾಪಕರಿಗೆ ನ್ಯಾಯವಾದ ವೇತನ, ಆಡಳಿತದ ಹೊಣೆಗಳಿಂದಲೂ ಬಿಡುಗಡೆ, ಅವಧಿಯ ಕೊನೆಗೆ ಸಿದ್ಧಗೊಂಡ ಕೃತಿಪಾಠ ಅಥವಾ ದಾಖಲೆಯ ಸಲ್ಲಿಕೆ ಎಂಬ ಮೂರು ಅಂಶಗಳು ಒಟ್ಟಿಗೆ ಇರಬೇಕಾಗುತ್ತದೆ. ಓಲೆಗರಿಗಳು ಶಿಥಿಲವಾಗುತ್ತಿರುವ, ಹಾಡುವವರು ಒಬ್ಬೊಬ್ಬರಾಗಿ ಮರೆಯಾಗುತ್ತಿರುವ ಸಂದರ್ಭದಲ್ಲಿ ಅಧ್ಯಾಪಕರಿಗೆ ತಡವಾಗಿ ದೊರೆಯುವ ಬಿಡುವು ಕನ್ನಡಕ್ಕೆ ನಿರುಪಯುಕ್ತ.