ಗುಂಯ್ ಅಂದ್ರೆ ಸ್ವಿಚ್ ಆರಿಸು: ಸದ್ದಿನ ಪದಗಳ ಅನುವಾದ

ಮೋಟಾರು ಇರುವ ಯಂತ್ರದ ಕೈಪಿಡಿ ತೆಗೆದರೆ ಸಾಮಾನ್ಯವಾಗಿ ಕೊನೆಯಲ್ಲೊಂದು ಕೋಷ್ಟಕ ಇರುತ್ತದೆ. ಎಡಗಡೆ ತೊಂದರೆ, ಬಲಗಡೆ ಕಾರಣ. ಇಂಗ್ಲಿಷಿನಲ್ಲಿ ಎಡಗಡೆಯ ಸಾಲುಗಳು ಸ್ಕ್ವೀಲ್, ರ‍್ಯಾಟಲ್, ಗ್ರೈಂಡಿಂಗ್, ಹಮ್, ನಾಕ್ ಅಂತ ಹೋಗುತ್ತವೆ. ಇದನ್ನು ಕನ್ನಡಕ್ಕೆ ತರುವವರು ಐದೂ ಕಡೆ ‘ಅಸಹಜ ಶಬ್ದ’ ಎಂದು ಬರೆದುಬಿಟ್ಟರೆ ಕೋಷ್ಟಕ ಇದ್ದೂ ಇಲ್ಲದಂತೆ. ಯಾವ ಸದ್ದಿಗೆ ಯಾವ ಕಾರಣ ಅಂತ ಓದುವವನಿಗೆ ಗೊತ್ತಾಗಲ್ಲ. ಯಂತ್ರದ ಮುಂದೆ ನಿಂತು ಕೆಲಸ ಮಾಡುವವನು ಅವನೇ, ಬೆರಳು ಹೋದರೆ ಅವನದೇ.

ಕನ್ನಡದಲ್ಲಿ ಇದಕ್ಕೆಲ್ಲ ಪದ ಎಲ್ಲಿದೆ ಅನ್ನುವವರು ಒಮ್ಮೆ ಸುಲ್ತಾನ್‌ಪೇಟೆಗೆ ಹೋಗಿ ಬರಬೇಕು. ಚಿಕ್ಕಪೇಟೆಯ ಮಗ್ಗುಲಲ್ಲಿ ಮದುವೆ ಕಾರ್ಡು, ಕಾಗದ, ಮುದ್ರಣದ ಅಂಗಡಿಗಳು ಒತ್ತೊತ್ತಾಗಿರುವ ಜಾಗ ಅದು. ಅಲ್ಲಿ ಹಿರಿಯ ಮಷೀನ್‌ಮ್ಯಾನ್ ಒಬ್ಬರನ್ನು ಕೇಳಿದಾಗ ನಮಗೆ ಸಿಕ್ಕ ಉತ್ತರ ಇಷ್ಟು: “ನೋಡ್ರಪ್ಪಾ, ಕರಕರ ಅಂದ್ರೆ ಎಣ್ಣೆ ಆರಿದೆ ಅಂತ. ಲೊಡಲೊಡ ಅಂದ್ರೆ ಬೋಲ್ಟು ಸಡ್ಲ. ಟಕ್, ಟಕ್ ಅಂತ ಸುತ್ತಿಗೊಂದ್ಸಲ ಬಂದ್ರೆ ಗೇರಿನ ಹಲ್ಲು ನೋಡ್ಬೇಕು. ಗುಂಯ್ ಅಂತ ನಿಂತೇ ಇದ್ರೆ ಮೊದ್ಲು ಸ್ವಿಚ್ ಆರ್ಸಿ, ಮೋಟ್ರು ಸುಟ್ಟೋಗತ್ತೆ.” ಬೆಲ್ಟು ಜಾರಿದರೆ? “ಕೀಚ್ ಅನ್ನತ್ತಲ್ಲ, ಅದೇ.” ಕೈಪಿಡಿಯ ಐದು ಸಾಲಿಗೆ ಐದು ಪದ ಆಯಿತು. (ಮೂರು ಫೇಸಿನ ಮೋಟಾರಿಗೆ ಒಂದು ಫೇಸ್ ತಪ್ಪಿದರೆ ಅದು ತಿರುಗಲಾರದೆ ಗುಂಯ್‌ಗುಟ್ಟುತ್ತದೆ, ಸುರುಳಿ ಕಾಯುತ್ತದೆ ಅಂತ ನಾವು ಓದಿರುವುದನ್ನೇ ಅವರು ಹೇಳಿದ್ದು.)

ಹೈಸ್ಕೂಲು ವ್ಯಾಕರಣದಲ್ಲಿ ಇವಕ್ಕೆ ಅನುಕರಣಾವ್ಯಯ ಎಂದು ಹೆಸರು. ಒಂದು ಮಾರ್ಕಿನ ಪ್ರಶ್ನೆಗೆ ‘ಧಗಧಗ, ಪಟಪಟ’ ಬರೆದು ಮುಂದೆ ಹೋದವರೇ ನಾವೆಲ್ಲ. ಆದರೆ ಕೂತು ನೋಡಿದರೆ ಇದರೊಳಗೆ ಅಚ್ಚುಕಟ್ಟಾದ ವ್ಯವಸ್ಥೆ ಇದೆ. ‘ಟಕ್ಕನೆ’ ಅಂದರೆ ಒಂದೇ ಸಲ. ‘ಟಕ್ ಟಕ್’ ಅಂದರೆ ನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ. ‘ಟಕಟಕ’ ಅಂದರೆ ಬಿಡುವಿಲ್ಲದೆ, ವೇಗವಾಗಿ. ನಮ್ಮ ಸಿಗ್ನಲ್ಸ್ ಪಾಠದ ಭಾಷೆಯಲ್ಲಿ ಮೊದಲನೆಯದು ಇಂಪಲ್ಸ್, ಎರಡನೆಯದು ಅದರ ಸಾಲು, ಮೂರನೆಯದು ಅದೇ ಸಾಲಿನ ಹೆಚ್ಚಿನ ಆವೃತ್ತಿ. ಇಂಗ್ಲಿಷಿನ ‘ನಾಕ್’ ಒಂದರಲ್ಲೇ ಈ ಮೂರು ಭೇದ ಕಾಣುವುದಿಲ್ಲ, ಇನ್ನೆರಡು ಪದ ಸೇರಿಸಬೇಕು.

ಸ್ವರವೂ ಸುಮ್ಮನೆ ಬಂದಿಲ್ಲ. ಕಾಲ್ಗೆಜ್ಜೆ ಕಿಣಿಕಿಣಿ, ಗುಡಿಯ ಗಂಟೆ ಗಣಗಣ, ಮೋಡ ಗುಡುಗುಡು. ‘ಇ’ ಉಚ್ಚರಿಸುವಾಗ ಬಾಯೊಳಗಿನ ಎರಡನೇ ಅನುರಣನ 2000 ಹರ್ಟ್ಜ್‌ಗಿಂತ ಮೇಲಿರುತ್ತದೆ, ‘ಉ’ ಹೇಳುವಾಗ 1000 ಹರ್ಟ್ಜ್ ಆಸುಪಾಸಿಗೆ ಇಳಿಯುತ್ತದೆ. ಚಿಕ್ಕದಕ್ಕೆ ‘ಇ’, ದೊಡ್ಡದಕ್ಕೆ ‘ಉ’ ಅಂತ ಯಾರೂ ಕಲಿಸದಿದ್ದರೂ ಕಿವಿಗೆ ಗೊತ್ತು.

ಹಾಗಾದರೆ ಅನುವಾದ ಕಷ್ಟವಾಗುವುದು ಎಲ್ಲಿ? ಪದ ಇಲ್ಲದೆ ಅಲ್ಲ, ಪದದ ಜಾತಿ ಬೇರೆಯಾಗಿರುವುದರಿಂದ. ಇಂಗ್ಲಿಷಿಗೆ ಸದ್ದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಅರಬ್ಬಿಯಲ್ಲಿ ಅದಕ್ಕೆ ಸಿದ್ಧ ನಾಮಪದಗಳಿವೆ, ಅವುಗಳಲ್ಲಿ ಬಹಳಷ್ಟು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥವು: ನೀರು ಹರಿಯುವುದು ಖರೀರ್, ಬಾಗಿಲು ಕಿರುಗುಟ್ಟುವುದು ಸರೀರ್, ಎಲೆ ಅಲುಗುವುದು ಹಫೀಫ್, ಗಂಟೆ ಬಾರಿಸುವುದು ರನೀನ್. ಧಾತುವಿನ ವ್ಯಂಜನಗಳು ಸದ್ದನ್ನು ಅನುಕರಿಸುತ್ತವೆ, ನಡುವಿನ ‘ಈ’ ವ್ಯಾಕರಣದ್ದು. ಇಮ್ಮಡಿಸುವ ದಾರಿಯೂ ಅಲ್ಲಿದೆ. ಗಹಗಹಿಸಿ ನಗುವುದು ಕಹ್‌ಕಹಾ. ಅದು ಉರ್ದುವಿಗೂ ಬಂದಿದೆ, ಹಾಗಾಗಿ ಪೇಟೆಯ ಬೀದಿಗಳಿಗೆ ಹೊಸದಲ್ಲ. ಇನ್ನೊಂದು ತೊಡಕು: ಶಿಷ್ಟ ಅರಬ್ಬಿಯಲ್ಲಿ ‘ಪ’ ಇಲ್ಲ. ಇಂಗ್ಲಿಷಿನ ‘ಪಾಪ್’, ನಮ್ಮ ‘ಪಟ್’ ಅಲ್ಲಿಗೆ ಹೋಗಬೇಕಾದರೆ ಬೇರೆ ವೇಷ ಹಾಕಲೇಬೇಕು.

ಕನ್ನಡದಲ್ಲಿ ಸದ್ದು ಸಾಮಾನ್ಯವಾಗಿ ಕ್ರಿಯೆಗೆ ಅಂಟಿಕೊಂಡೇ ಬರುತ್ತದೆ. ಬಾಗಿಲು ‘ಕಿರ್ರನೆ’ ತೆರೆಯುತ್ತದೆ, ಕಾಗದ ‘ಪರ್ರನೆ’ ಹರಿಯುತ್ತದೆ. ನಾಮಪದವೇ ಬೇಕೆಂದು ಹಟ ಹಿಡಿದರೆ ‘ಕಿರ್ ಎನ್ನುವ ಸದ್ದು’ ಅಂತ ಎಳೆಯಬೇಕು. ಸಿನಿಮಾ ಅಡಿಬರಹದಲ್ಲಿ ಅಷ್ಟು ಜಾಗ ಇರುವುದಿಲ್ಲ. ಅಲ್ಲಿ ‘ಬಾಗಿಲಿನ ಶಬ್ದ’ ಅನ್ನುವುದಕ್ಕಿಂತ ‘ಬಾಗಿಲು ಕಿರುಗುಟ್ಟಿತು’ ಎನ್ನುವುದೇ ವಾಸಿ. ಈ ‘ಗುಟ್ಟು’ ಪ್ರತ್ಯಯ ನಮ್ಮ ದೊಡ್ಡ ಆಸ್ತಿ: ಪಿಸುಗುಟ್ಟು, ಬುಸುಗುಟ್ಟು, ವಟಗುಟ್ಟು, ಲೊಚಗುಟ್ಟು. ಹೊಸ ಸದ್ದಿಗೂ ಹಚ್ಚಬಹುದು, ಮೇಲೆ ಮೋಟಾರಿಗೆ ಹಚ್ಚಿದ್ದೇವೆ.

ನೆರೆಭಾಷೆಯಿಂದ ತರುವುದು ಸುಲಭ ಅನ್ನಿಸುತ್ತದೆ, ಆದರೆ ಅಲ್ಲೂ ಹುಷಾರು. ತೆಲುಗಿನಲ್ಲಿ ಹೊಳೆ ಗಲಗಲ ಹರಿಯುತ್ತದೆ. ಕನ್ನಡದಲ್ಲಿ ಒಂದು ಅಕ್ಷರ ಬದಲಾಗಿ ಗಳಗಳ ಆದರೆ ಅಳು, ನಮ್ಮ ಹೊಳೆಗೆ ಜುಳುಜುಳು. ಭಾಷಾವಿಜ್ಞಾನಿ ಎಂ. ಬಿ. ಎಮೆನೋ 1969ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಇಂಥ ಅನುಕರಣ ಪದಗಳು ದ್ರಾವಿಡ ಮತ್ತು ಇಂಡೋ-ಆರ್ಯನ್ ಭಾಷೆಗಳೆರಡಕ್ಕೂ ಸೇರಿದ, ಈ ಇಡೀ ಪ್ರದೇಶದ ಲಕ್ಷಣ ಎಂದು ತೋರಿಸಿದರು. ಅಚ್ಚು ಒಂದೇ ಇರಬಹುದು, ಒಳಗಿನ ಸರಕು ಊರೂರಿಗೂ ಬೇರೆ.

ಇನ್ನು ಸದ್ದೇ ಇಲ್ಲದವಕ್ಕೂ ನಾವು ಸದ್ದು ಕೊಡುತ್ತೇವೆ: ಥಳಥಳ ಪಾತ್ರೆ, ಗಮಗಮ ಸಾರು, ಗವ್ವೆನ್ನುವ ಕತ್ತಲೆ. ಜಪಾನೀಯರಿಗೆ ಮೌನಕ್ಕೂ ‘ಶೀನ್’ ಅಂತ ಒಂದು ಸದ್ದಿದೆ. ಇವನ್ನೆಲ್ಲ ಇಂಗ್ಲಿಷಿಗೆ ಒಯ್ಯುವುದು ಇನ್ನೊಂದು ಲೇಖನದ ಕೆಲಸ.

ನಮ್ಮ ಕೋಷ್ಟಕದಲ್ಲಿ ಈಗ ಉಳಿದಿರುವುದು ‘ಹಿಸ್’. ಹಾವಿಗಾದರೆ ಬುಸ್, ಬಿಸಿ ಕಾವಲಿಗೆ ನೀರು ಬಿದ್ದರೆ ಚುಂಯ್. ಪೈಪಿನಿಂದ ಗಾಳಿ ಸೋರಿದರೆ ಬೆಂಗಳೂರಿನ ಕಡೆ ನಾವು ‘ಸುಯ್’ ಅನ್ನುತ್ತೇವೆ. ಧಾರವಾಡ, ಕಲಬುರಗಿ, ಮಂಗಳೂರು, ಕಾಸರಗೋಡು ಕಡೆಯವರು ಕ್ಲಬ್ಬಿನಲ್ಲಿದ್ದೀರಿ. ನಿಮ್ಮ ಮನೆಯಲ್ಲಿ ಏನಂತಾರೆ, ಬರೆದು ಕಳಿಸಿ.